ಇಪ್ಪತ್ತಕ್ಕೆ ಒಂದು

ರಾಧಾಮಣಿ ಟೀಚರ್ ಶ್ರುತಿಪೆಟ್ಟಿಗೆಯ ಮೇಲೆ ತಲೆಯಿಟ್ಟು ಬಿದ್ದಿದ್ದರು.

ಬೆಳಿಗ್ಗೆ ಆರೂವರೆಗೆ ಸಂಗೀತ ಪಾಠಕ್ಕೆ ಬಂದ ಶಿಷ್ಯೆ ಭಾನುಪ್ರಿಯ, ಟೀಚರ್ ಕಣ್ಣುಮುಚ್ಚಿ ಶ್ರುತಿ ಕೇಳುತ್ತಿದ್ದಾರೆ ಎಂದುಕೊಂಡು ಬಾಗಿಲಲ್ಲೇ ಕೈಕಟ್ಟಿ ನಿಂತಳಂತೆ. ಎರಡು ನಿಮಿಷ ಕಳೆದ ಮೇಲೆ ಅವಳಿಗೆ ಹೊಳೆಯಿತು—ಪೆಟ್ಟಿಗೆಯಿಂದ ಸದ್ದೇ ಬರುತ್ತಿಲ್ಲ.

ಮುಟ್ಟಿದರೆ ಮೈ ತಣ್ಣಗೆ. ಸೀರೆಯೆಲ್ಲ ಬೆವರು. ಪಕ್ಕದಲ್ಲಿ ವಾರದ ಮಾತ್ರೆಗಳ ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ಸೋಮವಾರದ ಖಾನೆ ಖಾಲಿ. ಸರಿ, ಅವತ್ತು ಸೋಮವಾರವೇ. ಆದರೆ ಮಂಗಳವಾರದ್ದೂ ಖಾಲಿ. ಬುಧವಾರದ್ದೂ ಖಾಲಿ!

ಮೂರು ದಿನದ ಸಕ್ಕರೆ ಕಾಯಿಲೆ ಮಾತ್ರೆ ಒಟ್ಟಿಗೆ ಹೊಟ್ಟೆಗೆ ಹೋಗಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ವಯಸ್ಸಾದವರು, ತಗೊಂಡದ್ದು ಮರೆತು ಮತ್ತೆ ಮತ್ತೆ ತಗೊಂಡಿದ್ದಾರೆ—ಆಸ್ಪತ್ರೆಯಲ್ಲೂ ಬೀದಿಯಲ್ಲೂ ಎಲ್ಲರದೂ ಇದೇ ಮಾತು. ನನ್ನದೂ ಇದೇ ಮಾತಾಗಿತ್ತು. ಹಾಗೆ ಯೋಚಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ನಾನು ಕರಿಯಪ್ಪ, ಕೈಲಾಂಚದವನು. ಮೂವತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದೆ. ಮನೆಯಲ್ಲಿ ಕೂತು ಹೆಂಡತಿಯ ಕೈಲಿ ಬೈಸಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ರಾಮನಗರದ ಒಂದು ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಕೂಗುವ ಕೆಲಸ ಹಿಡಿದಿದ್ದೇನೆ. ಕ್ಲಿನಿಕ್ಕು ಫಿರೋಜಾ ಮೇಡಂ ಅವರದು. ರೇಷ್ಮೆ ನೂಲು ತೆಗೆಯುವ ಮನೆತನ. ಯಂತ್ರಗಳ ಸದ್ದಿನಲ್ಲಿ ತಂದೆಯ ಕಿವಿ ಹೋದದ್ದನ್ನು ನೋಡುತ್ತಲೇ ಬೆಳೆದು, ಅದನ್ನೇ ಓದಿದವರು. ಕನಕಪುರದ ಕಲ್ಲುಕ್ವಾರಿಯ ಕೆಲಸಗಾರರು ಪರಿಹಾರದ ಸರ್ಟಿಫಿಕೇಟಿಗೆ ಇವರ ಹತ್ತಿರವೇ ಬರುತ್ತಾರೆ. ನಿಜವಾಗಿ ಕಿವಿ ಕಳೆದುಕೊಂಡವರೇ ಹೆಚ್ಚು. ಅಲ್ಲೊಬ್ಬ ಇಲ್ಲೊಬ್ಬ ನಾಟಕದವನೂ ಇರುತ್ತಾನೆ. ಮೇಡಂ ಕಣ್ಣಿಗೆ ಮಣ್ಣೆರಚಿ ಹೋದವನನ್ನು ನಾನಿನ್ನೂ ಕಂಡಿಲ್ಲ.

ಈ ಅನಾಹುತಕ್ಕೆ ಹದಿನೈದು ದಿನ ಮುಂಚೆ ರಾಧಾಮಣಿ ಟೀಚರ್ ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಅರವತ್ತೆರಡು ವರ್ಷ, ನೆಟ್ಟಗಿನ ಬೆನ್ನು, ಗದರಿಸಿಯೇ ಅಭ್ಯಾಸವಾದ ಧ್ವನಿ.

"ನನಗೆ ಭಯ ಆಗ್ತಿದೆ ಫಿರೋಜಾ. ನಲವತ್ತು ವರ್ಷದಿಂದ ಎದ್ದ ತಕ್ಷಣ ಷಡ್ಜ ಹಾಡ್ತೀನಿ, ಯಾವ ಆಧಾರಾನೂ ಇಲ್ದೆ. ಆಮೇಲೆ ಶ್ರುತಿಪೆಟ್ಟಿಗೆ ಹಾಕಿದ್ರೆ ಎರಡೂ ಒಂದೇ ಇರೋದು. ಈಗ ನಾಲ್ಕು ತಿಂಗಳಿಂದ ಸೇರ್ತಿಲ್ಲ. ವಾರ ವಾರಕ್ಕೂ ದೂರ ಆಗ್ತಿದೆ."

"ಅಷ್ಟಕ್ಕೇ ಭಯಾನಾ ಟೀಚರ್?"

"ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಮೊದಲು ಹಾಡು ಮರೆತ್ರು. ಆಮೇಲೆ ಅಡುಗೆಮನೆ ದಾರಿ ಮರೆತ್ರು. ಕೊನೆಗೆ ನನ್ನ ಮುಖ ನೋಡಿ, ಯಾರಮ್ಮ ನೀನು ಅಂದ್ರು."

ಮೇಡಂ ಅವರ ಕಿವಿ ಪರೀಕ್ಷಿಸಿದರು. ಕಿವಿ ಚೆನ್ನಾಗಿತ್ತು. ಆಮೇಲೆ ಇನ್ನೊಂದು ಪರೀಕ್ಷೆ. ಹೆಡ್‌ಫೋನಿನಲ್ಲಿ ಒಂದು ಸ್ವರ ಕೇಳಿಸುತ್ತದೆ. ಅದು ನಿಂತ ಮೇಲೆ ಆರು ಬೇರೆ ಬೇರೆ ಸ್ವರಗಳು ಬಂದು ಹೋಗುತ್ತವೆ. ಕೊನೆಗೆ ಮತ್ತೊಂದು. ಈ ಕೊನೆಯದು ಮೊದಲಿನದೇನಾ, ಬೇರೆಯಾ? 'ಅದೇ' ಅಥವಾ 'ಬೇರೆ' ಎಂದರಾಯಿತು. ಇಂಥವು ಇಪ್ಪತ್ತು.

ಟೀಚರ್ ಇಪ್ಪತ್ತಕ್ಕೆ ಇಪ್ಪತ್ತು ಸರಿ ಹೇಳಿದರು.

ನನಗೂ ಚಪಲ. ಕೂತೆ. ಮಧ್ಯದ ಆರು ಸ್ವರ ಬರುವಷ್ಟರಲ್ಲಿ ಮೊದಲಿನದು ಎಲ್ಲಿಗೆ ಓಡಿಹೋಯಿತೋ ಶಿವನೇ ಬಲ್ಲ. ಬಾಯಿಗೆ ಬಂದದ್ದು ಹೇಳಿದೆ. ಹನ್ನೊಂದು ಸರಿ.

"ಅರ್ಧಕ್ಕಿಂತ ಜಾಸ್ತಿ ಪಾಸಾಗಿವ್ನಿ ಮೇಡಂ!"

"ನಾಣ್ಯ ಚಿಮ್ಮಿದ್ರೂ ಹತ್ತು ಸರಿ ಬರ್ತವೆ ಕರಿಯಪ್ಪಣ್ಣ. ಇರೋದೇ ಎರಡು ಉತ್ತರ," ಎಂದು ಮೇಡಂ ನಕ್ಕರು. "ಬೇಜಾರು ಬೇಡ. ಸಂಗೀತ ಕಲೀದವರದ್ದೆಲ್ಲ ಹೆಚ್ಚುಕಮ್ಮಿ ಇದೇ ಕಥೆ. ವರ್ಷಗಟ್ಟಲೆ ಅಭ್ಯಾಸ ಮಾಡಿದೋರು ಸ್ವರಾನ ಹಿಡ್ಕೋತಾರೆ."

"ಅಭ್ಯಾಸ ಅಲ್ಲಮ್ಮ, ಹುಟ್ಟು," ಎಂದು ಟೀಚರ್ ಗದರಿದರು. "ನಾನೂ ಇದೇ ಪರೀಕ್ಷೆ ಮಾಡ್ತೀನಿ. ವಿಜಯದಶಮಿ ದಿನ ಸೇರೋಕೆ ಬಂದ ಮಗೂಗೆ ಷಡ್ಜ ಕೇಳಿಸ್ತೀನಿ, ನಿಲ್ಲಿಸ್ತೀನಿ, ಬೇರೆ ನಾಲ್ಕು ಸ್ವರ ಹಾಡ್ತೀನಿ. ಈಗ ಮೊದಲಿಂದು ವಾಪಸ್ ಕೊಡು ಅಂತೀನಿ. ಕೊಡದೇ ಇದ್ರೆ ಅವತ್ತೇ ಮನೆಗೆ. ಕಿವಿ ದೇವರು ಕೊಡಬೇಕು."

ಫಲಿತಾಂಶದ ಕಾಗದವನ್ನು ಅವರು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡರು. ಮುಖ ಅರಳಿತ್ತು. "ಮಾಯಮ್ಮಂಗೆ ತೋರಿಸ್ಬೇಕು. ನನ್ನ ನೋಡ್ಕೊಳ್ಳೋಳು. ಪಾಪ, ನನಗಿಂತ ಅವಳಿಗೇ ಗಾಬರಿ," ಎಂದು ಬಸ್ಸು ಹತ್ತಿದರು.

ಸೋಮವಾರ ಮಧ್ಯಾಹ್ನ ಭಾನುಪ್ರಿಯಳ ಫೋನು ಬಂದಾಗ ಮೇಡಂ ಟೀಚರ್ ಪರೀಕ್ಷೆಯ ಫಲಿತಾಂಶವನ್ನು ಮತ್ತೆ ತೆಗೆದು ನೋಡಿದರು.

"ಸ್ವರದ ನೆನಪು ಬೇರೆ, ಮಾತ್ರೆ ನೆನಪು ಬೇರೆ ಇರಬಹುದು," ಎಂದರು ಕೊನೆಗೆ. "ಆದ್ರೂ ನನ್ನ ಮನಸ್ಸು ಒಪ್ತಿಲ್ಲ. ಗಾಡಿ ತೆಗೀರಿ."

ಆಸ್ಪತ್ರೆಯಲ್ಲಿ ಟೀಚರ್‌ಗೆ ಎಚ್ಚರವಾದದ್ದು ಮಂಗಳವಾರ. ಹಾಸಿಗೆಯ ಸುತ್ತ ಮೂವರಿದ್ದರು. ಭಾನುಪ್ರಿಯ—ಹಿರಿಯ ಶಿಷ್ಯೆ, ಹದಿನಾರು ವರ್ಷದಿಂದ ಕಲಿಯುತ್ತಿರುವವಳು, ಟೀಚರ್ ನಂತರ ಅವರ ಸಂಗೀತ ಪಾಠಶಾಲೆ ಅವಳದೇ. ಅನಂತರಾಜು—ಟೀಚರ್ ತಂಗಿಯ ಮಗ, ಬೊಂಬೆ ವ್ಯಾಪಾರಿ, ಚಿಕ್ಕವನಿದ್ದಾಗ ದೊಡ್ಡಮ್ಮನ ಹತ್ತಿರವೇ ಎಂಟು ವರ್ಷ ಪಿಟೀಲು ಕಲಿತವನು. ಇನ್ನೊಬ್ಬಳು ಮಾಯಮ್ಮ—ಮಾಗಡಿ ಕಡೆ ಗುಡೇಮಾರನಹಳ್ಳಿಯವಳು, ಮೂವತ್ತೈದರ ಹೆಂಗಸು, ಹತ್ತು ತಿಂಗಳಿಂದ ಮನೆಯಲ್ಲೇ ಇದ್ದು ಟೀಚರನ್ನು ನೋಡಿಕೊಳ್ಳುತ್ತಿದ್ದಾಳೆ.

"ನೀವು ಎಷ್ಟು ಮಾತ್ರೆ ತಗೊಂಡ್ರಿ ಟೀಚರ್?" ಮೇಡಂ ಕೇಳಿದರು.

"ಒಂದೇ ಅಂತ ನೆನಪು. ಆದ್ರೆ..." ಟೀಚರ್ ಕಣ್ಣು ತುಂಬಿತು. "ನನ್ನ ನೆನಪನ್ನ ನಾನೇ ನಂಬೋ ಹಾಗಿಲ್ವಲ್ಲಮ್ಮ. ನಾಳೆ ನಿನ್ನನ್ನೂ ಯಾರು ಅಂತ ಕೇಳ್ತೀನೋ ಏನೋ."

ಎಷ್ಟೋ ಹೆಣ ನೋಡಿದ್ದೇನೆ. ಬದುಕಿದ್ದೂ ತನಗೆ ತಾನೇ ಹೆದರುವವರನ್ನು ನೋಡಿರಲಿಲ್ಲ.

"ನೀನೆಲ್ಲಿದ್ದೆ ಮಾಯಮ್ಮ?" ನಾನು ಹಳೇ ಗತ್ತಿನಲ್ಲಿ ಕೇಳಿದೆ.

"ಬೆಳಗಿನ್ ಜಾವ ನಾಕು ಗಂಟೆಗೆ ರಾಗಿ ಮಾಲ್ಟು ಮಾಡ್ಕೊಟ್ಟೆ ಕಣ್ರಣ್ಣ. ಆರಕ್ಕೆ ಹಾಲು ತರಾಕೆ ಓದೆ. ಅಷ್ಟ್ರಲ್ಲಿ ಇಂಗಾಗೋಗೈತೆ. ಮರ್ತೋಯ್ತಾರೆ ಪಾಪ. ಓದ್ ತಿಂಗ್ಳು ಗ್ಯಾಸ್ ಅಂಗೇ ಬುಟ್ಟಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನು ಮನೇಲಿಟ್ಕೊಳ್ಳೋದು ಕಷ್ಟ," ಎಂದ ಅನಂತರಾಜು. "ಬೆಂಗಳೂರಲ್ಲಿ ಇಂಥೋರನ್ನ ನೋಡ್ಕೊಳ್ಳೋ ಜಾಗ ಇದೆ. ವಿಚಾರಿಸಿದ್ದೀನಿ."

"ಯಾವಾಗ ವಿಚಾರಿಸಿದ್ರಿ?" ಮೇಡಂ ಕೇಳಿದರು.

ಅವನು ತಡವರಿಸಿದ. "ಒಂದು... ತಿಂಗಳಾಯ್ತು."

"ಮಾತ್ರೆ ಕಥೆ ಆಗಿದ್ದು ನಿನ್ನೆ. ತಿಂಗಳ ಹಿಂದೇನೇ ವಿಚಾರಿಸಿದ್ರಾ?"

ಅವನ ಮುಖ ಕೆಂಪಾಯಿತು. ಮನೆಯ ಮುಂದಿನ ಹಾಲಿನಲ್ಲಿ ಬೊಂಬೆ ಅಂಗಡಿ ಇಡುವ ಆಸೆ ಅವನಿಗಿತ್ತೆಂದು ಭಾನುಪ್ರಿಯ ಆಮೇಲೆ ನಮಗೆ ಹೇಳಿದಳು. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ಅವನ ರಸ್ತೆಬದಿ ಅಂಗಡಿಗೆ ಗಿರಾಕಿಯೇ ಇಲ್ಲವಂತೆ.

ಮೇಡಂ ಟೀಚರ್ ಕಡೆ ತಿರುಗಿದರು. "ಬೆಳಗಿನ ಷಡ್ಜ ಸೇರ್ತಿಲ್ಲ ಅಂದ್ರಲ್ಲ—ಪೆಟ್ಟಿಗೇನೇ ಕೆಟ್ಟಿರಬಹುದಲ್ವಾ?"

ಭಾನುಪ್ರಿಯ ನಾಲಿಗೆ ಕಚ್ಚಿಕೊಂಡಳು. ಟೀಚರ್ ಆ ಸುಸ್ತಿನಲ್ಲೂ ಸಿಡುಕಿದರು. "ಅದು ನನ್ನ ಗುರುಗಳ ಪೆಟ್ಟಿಗೆ. ಅದಕ್ಕೆ ಕೈಮುಗಿದೇ ಪಾಠ ಶುರು ಮಾಡೋದು. ಅದು ತಪ್ಪಲ್ಲ. ತಪ್ಪೋರು ನಾವು."

ಮೇಡಂ ಮನೆಯ ಬೀಗದ ಕೈ ಕೇಳಿ ಇಸಕೊಂಡರು.

ಬುಧವಾರ ಬೆಳಿಗ್ಗೆ ಆ ಮನೆಗೆ ಹೋದೆವು. ಬೊಂಬೆ ಕೆಲಸದ ಓಣಿ ಅದು. ಪಕ್ಕದ ಕಾರ್ಖಾನೆಯಲ್ಲಿ ಲೇತ್ ಯಂತ್ರ ಗುಂಯ್‌ಗುಡುತ್ತಿತ್ತು, ಅರಗಿನ ವಾಸನೆ. ಹಾಲಿನ ಮೂಲೆಯಲ್ಲಿ ಜಮಖಾನೆಯ ಮೇಲೆ ಶ್ರುತಿಪೆಟ್ಟಿಗೆ. ಕೈಯಿಂದ ಗಾಳಿ ಒತ್ತುವ ಹಳೆಯ ಕಾಲದ್ದು, ಗಾಳಿಗೆ ಅದುರಿ ಸ್ವರ ಹೊರಡಿಸುವ ಮೂರು ಹಿತ್ತಾಳೆ ರೀಡಿನದು. ಮುಚ್ಚಳದ ಮೇಲೆ ಮಾಡಿದವರು ಕೆತ್ತಿದ್ದ ಅಕ್ಷರ—ಐದೂವರೆ ಮನೆ. ಅಂದರೆ ಅದು ನುಡಿಸಬೇಕಾದ ಶ್ರುತಿ.

ಮೇಡಂ ಫೋನಿನಲ್ಲಿ ಸ್ವರ ಅಳೆಯುವ ಆ್ಯಪ್ ತೆರೆದರು. "ಒತ್ತಿ ಕರಿಯಪ್ಪಣ್ಣ."

ಒತ್ತಿದೆ. ಫೋನಿನ ಮುಳ್ಳು ಎಡಕ್ಕೆ ವಾಲಿ ನಿಂತಿತು. ಐದೂವರೆ ಅಲ್ಲ. ಹೆಚ್ಚುಕಮ್ಮಿ ಐದು, ಅಂದರೆ ಅರ್ಧ ಮನೆ ಕೆಳಗೆ.

"ಮೇಡಂ, ಅಂಗಂದ್ರೆ..."

"ಟೀಚರ್ ಸರಿ ಇದ್ದಾರೆ. ಪೆಟ್ಟಿಗೆ ಸುಳ್ಳು ಹೇಳ್ತಿದೆ."

ಪಕ್ಕದ ವಹಾಬ್ ಸಾಹೇಬರನ್ನು ಕರೆದು ಸ್ಕ್ರೂ ಬಿಚ್ಚಿಸಿದೆವು. ಐವತ್ತು ವರ್ಷದಿಂದ ಬೊಂಬೆ ಕಡೆಯುವ ಕೈ ಅವರದು. ರೀಡುಗಳನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. ಹಿತ್ತಾಳೆಯೆಲ್ಲ ಕಪ್ಪಾಗಿತ್ತು. ಬುಡದ ಹತ್ತಿರ ಮಾತ್ರ ಚಿನ್ನದ ಹಾಗೆ ಹೊಳೆಯುವ ಹೊಸ ಗೀರುಗಳು. ಒಂದಲ್ಲ, ಪದರ ಪದರವಾಗಿ.

"ಅರ ಹಾಕವ್ರೆ ಅಮ್ಮಾ. ಸೂಜಿ ಅರ. ನಮ್ಮ ಮಾಮು ಹಾರ್ಮೋನಿಯಂ ರಿಪೇರಿ ಮಾಡ್ತಿದ್ರು, ನೋಡಿವ್ನಿ. ತುದಿ ಉಜ್ಜಿದ್ರೆ ಸ್ವರ ಏರ್ತದೆ, ಬುಡ ಉಜ್ಜಿದ್ರೆ ಇಳೀತದೆ." ಅವರ ಮುಖ ಬಿಳುಚಿತು. "ನನ್ ಸೂಜಿ ಅರಾನೂ ದೀಪಾವಳಿ ಆದ್ಮ್ಯಾಕೆ ಕಾಣ್ತಿಲ್ಲ. ಈ ಮನೆಯೋರೆಲ್ಲ ನಮ್ಮಲ್ಲಿಗೆ ಬತ್ತಾ ಓಯ್ತಾ ಇರ್ತಾರೆ. ಅನಂತರಾಜು ಅಂತೂ ದಿನಾ ಬೀಡಿ ಸೇದಕ್ಕೆ ಬತ್ತಾನೆ."

ಅದೇ ಹೊತ್ತಿಗೆ ಕರೆಂಟ್ ಹೋಗಿ ಲೇತ್ ಸದ್ದು ನಿಂತಿತು. ಯಾರೋ ಈ ಹಾಲಿನಲ್ಲಿ ಕೂತು, ವಾರಕ್ಕೊಮ್ಮೆ ಪೆಟ್ಟಿಗೆ ಬಿಚ್ಚಿ, ಕೂದಲೆಳೆಯಷ್ಟು ಉಜ್ಜಿ, ಮತ್ತೆ ಮುಚ್ಚಿಟ್ಟಿದ್ದಾರೆ. ಒಬ್ಬ ಹೆಂಗಸಿಗೆ ತನ್ನ ತಲೆಯೇ ಕೆಟ್ಟಿತೆನ್ನಿಸುವ ಹಾಗೆ. ಇದಕ್ಕಿಂತ ಚೂರಿ ಹಾಕುವವನು ಎಷ್ಟೋ ಮೇಲು ಎನ್ನಿಸಿತು.

"ಉಳಿದ ಮಕ್ಕಳಿಗೆ ಗೊತ್ತಾಗ್ಲಿಲ್ವಾ ಮೇಡಂ?"

"ಅವರು ಬಂದು ಪೆಟ್ಟಿಗೆ ಹೇಳಿದ್ದಕ್ಕೇ ಸೇರಿಸಿ ಹಾಡ್ತಾರೆ. ಅದನ್ನ ಅನುಮಾನಿಸೋದನ್ನ ಯಾರೂ ಕಲಿಸಿಲ್ಲ." ಮೇಡಂ ಸ್ಕ್ರೂಗಳನ್ನು ಎಣಿಸಿ ಅಂಗೈಯಲ್ಲಿಟ್ಟುಕೊಂಡರು. "ಮೂರು ರೀಡನ್ನೂ ಒಂದಕ್ಕೊಂದು ಸೇರೋ ಹಾಗೆ ಇಳಿಸಿದ್ದಾರೆ. ಒಂದು ರೀಡಿನ ಸ್ವರ ತಲೇಲಿಟ್ಕೊಂಡು ಇನ್ನೊಂದನ್ನ ಉಜ್ಜಬೇಕು. ಪಳಗಿದ ಕಿವಿಯೋರ ಕೆಲಸ ಇದು."

"ಅಂದ್ರೆ ಇಬ್ರೇ. ಭಾನುಪ್ರಿಯ, ಇಲ್ಲ ಅನಂತರಾಜು."

ಮೇಡಂ ಸ್ಕ್ರೂಗಳನ್ನು ವಹಾಬ್ ಸಾಹೇಬರ ಕೈಗಿಟ್ಟರು.

ಅವತ್ತೇ ಸಂಜೆ ಐದಕ್ಕೆ ಟೀಚರನ್ನು ಮನೆಗೆ ಕರೆತಂದರು. ಒಳಕೋಣೆಯಲ್ಲಿ ಮಲಗಿಸಿದ ಮೇಲೆ ಮೇಡಂ ಮೂವರನ್ನೂ ಹಾಲಿಗೆ ಕರೆದು ರೀಡು ತೋರಿಸಿದರು. ಮುಚ್ಚುಮರೆಯೇ ಇಲ್ಲ.

"ಇದನ್ನ ಮಾಡಿದೋರಿಗೆ ಪಳಗಿದ ಕಿವಿ ಇದೆ. ಟೀಚರ್‌ಗೆ ಮಾತ್ರೆ ಹಾಕಿದ್ದೂ ಅವರೇ. ಮೂರು ಜನಕ್ಕೂ ಒಂದು ಪರೀಕ್ಷೆ ಕೊಡ್ತೀನಿ. ಒಲ್ಲೆ ಅನ್ನೋರು ಈಗ್ಲೇ ಹೇಳಿ. ಠಾಣೆಗೆ ಫೋನ್ ಮಾಡ್ತೀನಿ."

"ನನ್ನ ಮೇಲೆ ಅನುಮಾನಾನಾ ಮೇಡಂ?" ಭಾನುಪ್ರಿಯಳ ಧ್ವನಿ ಒಡೆಯಿತು. "ಈ ಶ್ರುತಿಗೂ ನಮ್ಮನೆ ಫೋನಿನ ಶ್ರುತಿಗೂ ಸೇರ್ತಿಲ್ಲ ಅಂತ ನನಗೂ ಅನ್ನಿಸ್ತಿತ್ತು. ನನ್ನ ಗಂಟಲೇ ಹೋಯ್ತು ಅಂತ ಹೆದರಿ ಯಾರಿಗೂ ಹೇಳ್ಲಿಲ್ಲ."

"ನಾನು ಪಿಟೀಲು ಬಿಟ್ಟು ಹತ್ತು ವರ್ಷ ಆಯ್ತು!" ಎಂದ ಅನಂತರಾಜು.

"ನಂಗೆ ಸಂಗೀತ ಗಿಂಗೀತ ಏನೂ ತಿಳ್ಯಾಕಿಲ್ಲ ಕಣ್ರವ್ವ," ಎಂದಳು ಮಾಯಮ್ಮ. "ಕಿವೀಗೆ ಇಕ್ಕೊಂಡು ಏನ್ಮಾಡ್ಲಿ?"

"ಗೊತ್ತಾಗದಿದ್ರೆ ಅದೇ, ಬೇರೆ, ಏನೋ ಒಂದು ಹೇಳಮ್ಮ," ಎಂದೆ ನಾನು. ಪಾಪದವಳನ್ನು ಯಾಕೆ ಗೋಳು ಹೊಯ್ದುಕೊಳ್ಳುವುದು ಎಂದು ಮೇಡಂ ಮೇಲೆ ಸ್ವಲ್ಪ ಸಿಟ್ಟೂ ಬಂದಿತ್ತು.

ಒಬ್ಬೊಬ್ಬರಾಗಿ ಕೂತರು. ಭಾನುಪ್ರಿಯ ಕಣ್ಣುಮುಚ್ಚಿ ಉತ್ತರಿಸಿದಳು. ಅನಂತರಾಜು ಬೆವರೊರೆಸಿಕೊಳ್ಳುತ್ತ. ಮಾಯಮ್ಮ ಮಾತ್ರ ನೆಲ ನೋಡುತ್ತ, ಪ್ರತಿ ಸಲವೂ ಒಂದು ಕ್ಷಣ ತಡೆದು, "ಅದೇಯಾ", "ಬ್ಯಾರೆ", "ಬ್ಯಾರೆ" ಎನ್ನುತ್ತ ಹೋದಳು. ನಾನು ಒಂದೊಂದನ್ನೂ ಬರೆದುಕೊಂಡೆ. ಅವಳದು ಮುಗಿಯುವಾಗ ಆರೂಕಾಲು.

"ಟೀಚರ್‌ಗೆ ಸಂಜೆ ಮಾತ್ರೆ ಕೊಡೋ ಒತ್ತು. ಓಗ್ಲಾ?" ಎಂದಳು.

ಮೇಡಂ ಫೋನಿನಲ್ಲಿ ಸರಿಯುತ್ತರ ತೆಗೆಯುತ್ತಿದ್ದರು. "ಓಗವ್ವ ಓಗು," ಎಂದೆ ನಾನೇ. ಕಳಿಸಿದವನು ನಾನೇ!

ಉತ್ತರಗಳನ್ನು ತಾಳೆ ನೋಡಿದೆವು. ಭಾನುಪ್ರಿಯ—ಹತ್ತೊಂಬತ್ತು ಸರಿ. ಅನಂತರಾಜು—ಹದಿನಾರು. ಮಾಯಮ್ಮನ ಹಾಳೆಗೆ ಬಂದಾಗ ನಾನು ನಕ್ಕುಬಿಟ್ಟೆ.

"ಇಪ್ಪತ್ತಕ್ಕೆ ಒಂದು! ನಾನೇ ವಾಸಿ ಅಂಗಾದ್ರೆ. ಈಯಮ್ಮನ್ನ ಲಿಸ್ಟಿಂದ ತಗ್ದಾಕಿ ಮೇಡಂ."

ಮೇಡಂ ನಗಲಿಲ್ಲ. ಹಾಳೆ ಹಿಡಿದ ಕೈ ಹಾಗೇ ನಿಂತಿತ್ತು.

"ಮಾಯಮ್ಮ ಎಲ್ಲಿ?"

"ಒಳಗೆ. ಮಾತ್ರೆ ಕೊಡಾಕೆ—"

ಅವರು ಓಡಿದರು. ಏನೆಂದು ಅರ್ಥವಾಗದೆಯೇ ನಾನೂ ಓಡಿದೆ. ಕೋಣೆಯ ಬಾಗಿಲು ಮುಂದಕ್ಕೆಳೆದಿತ್ತು. ಒಳಗಿನಿಂದ ಟೀಚರ್ ಧ್ವನಿ—ಸಣ್ಣ ಮಗುವಿನಂಥ ಧ್ವನಿ:

"ಆಗ್ಲೇ ತಗೊಂಡೆ ಅನ್ನಿಸ್ತಿದೆ ಮಾಯಾ..."

"ಇಲ್ಲ ಟೀಚರ್. ಮರ್ತೋಗಿದೀರ. ಬಾಯ್ ತಗೀರಿ."

ನಾನು ಬಾಗಿಲು ನೂಕಿದೆ. ಮಾಯಮ್ಮ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಲೋಟ. ಇನ್ನೊಂದು ಅಂಗೈ ಟೀಚರ್ ತುಟಿಯ ಹತ್ತಿರ. ಹಳೇ ಅಭ್ಯಾಸ, ಮಣಿಕಟ್ಟು ಹಿಡಿದು ತಿರುಗಿಸಿದೆ. ಮಾತ್ರೆಗಳು ನೆಲಕ್ಕೆ ಚೆಲ್ಲಿದವು. ಒಂದಲ್ಲ, ಎರಡಲ್ಲ—ಎಂಟು.

ಅವಳು ಕೊಸರಲಿಲ್ಲ. ಭಾನುಪ್ರಿಯ ಟೀಚರನ್ನು ತಬ್ಬಿ ಕೂತಳು. ಅನಂತರಾಜು ಠಾಣೆಗೆ ಫೋನು ಒತ್ತಿದ.

"ಮೇಡಂ," ಎಂದೆ ನಾನು ಏದುಸಿರಿನಲ್ಲಿ. "ಕಿವಿಯೇ ಇಲ್ದೋಳು ಇವಳು. ಒಂದೇ ಒಂದು ಸರಿ. ಅದೆಂಗೆ?"

"ನಿಮಗೆ ಎಷ್ಟು ಸರಿ ಬಂದಿತ್ತು ಕರಿಯಪ್ಪಣ್ಣ?"

"ಹನ್ನೊಂದು."

"ನಿಮಗೆ ಏನೂ ಗೊತ್ತಾಗ್ಲಿಲ್ಲ, ಬಾಯಿಗೆ ಬಂದದ್ದು ಹೇಳಿದ್ರಿ, ಅರ್ಧ ಸರಿ ಆಯ್ತು. ಗೊತ್ತಿಲ್ಲದೋರಿಗೆ ಯಾವಾಗ್ಲೂ ಹಾಗೇ. ಎಂಟು, ಹತ್ತು, ಹನ್ನೆರಡು. ಹತ್ತೊಂಬತ್ತು ತಪ್ಪು ಬರಬೇಕಾದ್ರೆ? ಐವತ್ತು ಸಾವಿರ ಜನ ಕೂತರೆ ಒಬ್ಬರಿಗೆ ಹಾಗಾಗಬಹುದು." ಮೇಡಂ ಹಾಳೆಯನ್ನು ಮಾಯಮ್ಮನ ಮುಂದೆ ಹಿಡಿದರು. "ಹತ್ತೊಂಬತ್ತು ಸಲ ತಪ್ಪು ಹೇಳೋಕೆ ಹತ್ತೊಂಬತ್ತು ಸಲ ಸರಿ ಯಾವುದು ಅಂತ ಗೊತ್ತಿರಬೇಕು. ಕ್ವಾರಿಯಿಂದ ಬರೋ ನಾಟಕದ ಕಿವುಡರೂ ಇದೇ ತಪ್ಪು ಮಾಡ್ತಾರೆ. ಎಲ್ಲಾನೂ ತಪ್ಪಿಸಿದ್ರೆ ಅನುಮಾನ ಬರ್ತದೆ ಅಂತ ಒಂದನ್ನ ಬೇಕಂತ್ಲೇ ಸರಿ ಹೇಳಿದೆ ಅಲ್ವಾ ಮಾಯಮ್ಮ? ಈ ಮನೇಲಿ ಟೀಚರ್‌ನ ಬಿಟ್ರೆ ಭಾನುಪ್ರಿಯಳಿಗೆ ಸಮನಾದ ಕಿವಿ ನಿನ್ನದು. ಎಲ್ಲಿ ಕಲಿತೆ?"

ಮಾಯಮ್ಮ ಮೊದಲ ಸಲ ತಲೆಯೆತ್ತಿದಳು. ಮುಖದಲ್ಲಿ ಅಳು ಇರಲಿಲ್ಲ. ಒಂದು ಥರದ ನಿರಾಳ ಇತ್ತು. ಅದನ್ನು ನೋಡಿಯೇ ನಾನು ಹೆಚ್ಚು ಹೆದರಿದೆ.

"ಕನಕಪುರದಾಗೆ ಬೈರಪ್ಪಣ್ಣ ಅಂತ, ಹಾರ್ಮೋನಿಯಂ ರಿಪೇರಿಯೋರು. ಅನ್ನೊಂದ್ ವರ್ಷ ಅವ್ರ ಅಂಗ್ಡೀಲಿ ರೀಡು ಉಜ್ಜಿವ್ನಿ. ಮೊದ್ಲು ನಂಗೂ ಸ್ವರ ನಿಲ್ತಿರ್ಲಿಲ್ಲ. ದಿನಾ ಉಜ್ಜಿ ಉಜ್ಜಿ, ಕೇಳಿ ಕೇಳಿ ನಿಲ್ತು." ಟೀಚರ್ ಕಡೆ ತಿರುಗಿದಳು. "ನೀವು ದೇವ್ರು ಕೊಡ್ಬೇಕು ಅಂದಿದ್ರಿ."

"ನಾನು? ಯಾವಾಗ?"

"ಇಪ್ಪತ್ತೈದ್ ವರ್ಷ ಆಯ್ತು. ವಿಜಯದಶಮಿ. ನಮ್ಮಪ್ಪ ಗುಡೇಮಾರನಳ್ಳಿಯಿಂದ ಎಲ್ಡು ಬಸ್ ಅತ್ತಿಸ್ಕೊಂಡು ಕರ್ಕೊಂಬಂದಿತ್ತು. ಷಡ್ಜ ಕೇಳ್ಸಿದ್ರಿ. ನಿಲ್ಸಿದ್ರಿ. ಬ್ಯಾರೆ ಸ್ವರ ಆಡಿದ್ರಿ. ಮೊದ್ಲಿಂದು ಕೊಡು ಅಂದ್ರಿ. ನಂಗೆ ಸಿಕ್ನಿಲ್ಲ. ಎಲ್ರೂ ನಕ್ಕ್ರು. ಈ ಮಗೀಗೆ ಕಿವಿ ಇಲ್ಲ, ಸುಮ್ನೆ ಯಾಕೆ ಕರ್ಕೊಂಬತ್ತೀರ ಅಂದ್ರಿ ನಮ್ಮಪ್ಪಂಗೆ. ಊರು ಸೇರಗಂಟ ನಮ್ಮಪ್ಪ ಒಂದ್ ಮಾತೂ ಆಡ್ಲಿಲ್ಲ. ಆವತ್ತಿಂದ ಮನೇಲಿ ನಾನು ಬಾಯ್ಬುಟ್ಟು ಒಂದ್ ಸ್ವರಾನೂ ಆಡ್ಲಿಲ್ಲ."

ಟೀಚರ್ ಭಾನುಪ್ರಿಯಳ ಕೈ ಬಿಡಿಸಿಕೊಂಡರು. ಮಾಯಮ್ಮನ ಕಡೆ ಬಾಗಿದರು.

"ಕೆಲ್ಸ ಕೇಳ್ಕೊಂಡು ಬಂದಾಗ ಎಸ್ರೂ ಬದಲಾಯಿಸ್ಲಿಲ್ಲ. ಮಾಯಮ್ಮ ಅಂದೆ, ಗುಡೇಮಾರನಳ್ಳಿ ಅಂದೆ. ಒಸಿಯಾದ್ರೂ ನೆಪ್ಪು ಬತ್ತದೇನೋ ಅಂತ ಆರು ತಿಂಗ್ಳು ಕಾದೆ ಟೀಚರ್. ಬರ್ಲಿಲ್ಲ. ನಿಮ್ಮ ಕಿವೀನ ನೀವೇ ನಂಬ್ದಂಗಾದ್ರೆ ಎಂಗಿರ್ತದೆ ಅಂತ ನಿಮ್ಗೂ ಗೊತ್ತಾಗ್ಲಿ ಅನ್ನಿಸ್ತು. ಅಷ್ಟೇಯ ಇದ್ದಿದ್ದು. ಗ್ಯಾಸ್ ಬುಟ್ಟಿದ್ದೂ ನಾನೇಯ. ಆಮೇಕೆ ನೀವು ಆ ಕಾಗ್ದ ತ‌ಂದ್ರಿ. ಇಪ್ಪತ್ತಕ್ಕಿಪ್ಪತ್ತು ಅಂತ ಕುಣ್ದ್ರಿ. ನೋಡು ಮಾಯಾ, ದೇವ್ರು ಕೊಟ್ಟಿದ್ದು ಓಗಲ್ಲ ಅಂದ್ರಿ." ಕೈಯಲ್ಲಿ ಇನ್ನೂ ಹಿಡಿದಿದ್ದ ಲೋಟವನ್ನು ನೆಲಕ್ಕಿಟ್ಟಳು. "ಆವತ್ತೇ ರಾಗಿ ಮಾಲ್ಟಿಗೆ ಮಾತ್ರೆ ಅರೆಯಾದು ಅಂತ ತೀರ್ಮಾನ ಮಾಡ್ದೆ."

ಮೇಡಂ ಗೋಡೆಗೊರಗಿ ನಿಂತರು. ಆ ಕಾಗದ ಕೊಟ್ಟವರು ಅವರು. ಅವರ ಮನಸ್ಸಿನಲ್ಲಿ ಏನಾಗುತ್ತಿದೆಯೆಂದು ನನಗೆ ಗೊತ್ತಾಯಿತು.

ಟೀಚರ್ ಬಹಳ ಹೊತ್ತು ಮಾಯಮ್ಮನ ಮುಖ ನೋಡಿದರು. ಹುಡುಕುವವರಂತೆ ನೋಡಿದರು. "ನನಗೆ ನೆನಪಿಲ್ಲ," ಎಂದರು ಕೊನೆಗೆ. "ನಿಜವಾಗ್ಲೂ ನೆನಪಿಲ್ಲ ಮಗು. ಪ್ರತಿ ವರ್ಷ ಹತ್ತು ಹದಿನೈದು ಮಕ್ಕಳನ್ನ ಹಾಗೆ ಕಳಿಸ್ತಿದ್ದೆ. ಒಬ್ಬರ ಮುಖಾನೂ ನೆನಪಿಲ್ಲ." ಅಮ್ಮನ ಕಾಯಿಲೆಯ ಬಗ್ಗೆ ಹೇಳುವಾಗಲೂ ಅವರ ಧ್ವನಿ ಹೀಗೆ ನಡುಗಿರಲಿಲ್ಲ.

ಪೊಲೀಸರು ಬರುವಷ್ಟರಲ್ಲಿ ಕತ್ತಲು ಇಳಿದಿತ್ತು. ಮಹಿಳಾ ಕಾನ್‌ಸ್ಟೇಬಲ್ ಮಾಯಮ್ಮನ ತೋಳು ಹಿಡಿದು ಹಾಲಿನ ಮೂಲಕ ಕರೆದೊಯ್ದಳು. ಟೀಚರ್ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದರು. ಯಾರ ಮಾತೂ ಕೇಳದೆ ಜಮಖಾನೆಯ ಮೇಲೆ ಕೂತು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮಧ್ಯಾಹ್ನ ವಹಾಬ್ ಸಾಹೇಬರು ರೀಡುಗಳ ತುದಿಗೆ ತಮಗೆ ತಿಳಿದಷ್ಟು ಅರ ಹಾಕಿ ಏರಿಸಿ ಹೋಗಿದ್ದರು. ಟೀಚರ್ ಕಣ್ಣುಮುಚ್ಚಿ, ಆಧಾರವಿಲ್ಲದೆ ಷಡ್ಜ ಹಾಡಿದರು. ಆಮೇಲೆ ಗಾಳಿ ಒತ್ತಿದರು. ಸ್ವರವೂ ಪೆಟ್ಟಿಗೆಯೂ ಸೇರಿದವು ಎಂದು ನನಗೆ ಅನ್ನಿಸಿತು. ಭಾನುಪ್ರಿಯಳಿಗೂ ಅನ್ನಿಸಿತು, ಅವಳು ಬಿಕ್ಕಿ ಅತ್ತಳು.

ಮಾಯಮ್ಮ ಹೊಸ್ತಿಲಲ್ಲಿ ನಿಂತಳು. ತಿರುಗಲಿಲ್ಲ. ಬೆನ್ನು ಮಾಡಿಯೇ ಹೇಳಿದಳು:

"ಮೂರ್ನೇ ರೀಡು ಇನ್ನೂ ಒಸಿ ಇಳ್ದೈತೆ ಟೀಚರ್. ತುದೀನ ಎಲ್ಡೇ ಸಲ ಉಜ್ಜಿ. ಸರಿಯಾಯ್ತದೆ."

ಮೇಡಂ ಫೋನು ತೆಗೆದು ಮೂರನೇ ರೀಡನ್ನು ಅಳೆದು ನೋಡಿದರು. ಮುಳ್ಳು ಎಡಕ್ಕೆ, ಕೂದಲೆಳೆಯಷ್ಟು ವಾಲಿತ್ತು.

"ಹೌದು," ಎಂದರು ಟೀಚರ್. ಅವರಿಗೆ ಫೋನು ನೋಡಬೇಕಾಗಿರಲಿಲ್ಲ. ಮಾಯಮ್ಮ ಆಗಲೇ ಜೀಪು ಹತ್ತಿಯಾಗಿತ್ತು.